ಎರವಲು ಹೆರಾಲ್ಡ್

ಶಾಂಭವಿಗೆ ಸ್ವಂತ ಕಾರು ಇರಲಿಲ್ಲ.

“ಅದಕ್ಕೇ ಕೊಡ್ತಿದ್ದೀನಿ. ಆದ್ರೆ ಒಂದು ಕಂಡೀಷನ್,” ಎಂದ ದುಶ್ಯಂತ್.

ಇಬ್ಬರೂ ಬೀರೂರಿನ ಹಳೆಯ ಕೊಬ್ಬರಿ ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ದುಶ್ಯಂತನ ಅಂಗೈ ಮೇಲೆ ನೀಲಿ ಬಣ್ಣದ ಹೆರಾಲ್ಡ್ ಕಾರಿತ್ತು. ಸೋಪಿನ ಡಬ್ಬಿಯಷ್ಟು ದೊಡ್ಡದು. ಬಿಸಿಲಿಗೆ ಅದರ ನೆತ್ತಿ ಹೊಳೆಯುತ್ತಿತ್ತು.

“ಏನ್ ಕಂಡೀಷನ್?”

“ನನಗಿಂತ ಜಾಸ್ತಿ ಸುತ್ತು ಹೊಡೀಬಾರ್ದು.”

“ಅಂದ್ರೆ ಸೋಲ್ಬೇಕಾ?”

“ಸೋಲು ಅಂತ ಯಾರಂದ್ರು? ಎರಡನೇದು ಬಾ, ಮೂರನೇದು ಬಾ. ಎಷ್ಟೊಂದು ನಂಬರ್ ಇದಾವೆ!”

ಶಾಂಭವಿ ಅವನ ಮುಖ ನೋಡಿದಳು. ಇಬ್ಬರೂ ಐದನೇ ಕ್ಲಾಸು. ಅವನು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಇವತ್ತು ಕಿವಿ ಕೆಂಪಾಗಿರಲಿಲ್ಲ. ಆದರೆ ಅವನ ಕಣ್ಣು ರಸ್ತೆಯ ಕಡೆಗೇ ಇತ್ತು.

“ಇವತ್ತು ನಮ್ಮಪ್ಪ ನೋಡಕ್ಕೆ ಬತ್ತಾರೆ ಕಣೇ,” ಎಂದ. “ಜೂನಿಯರ್‌ನಲ್ಲಿ ಫಸ್ಟ್ ಬರ್ಲಿಲ್ಲ ಅಂದ್ರೆ ಮುಂದಿನ ಭಾನುವಾರದಿಂದ ಟ್ಯೂಷನ್ ಅಂತೆ. ಕ್ಲಬ್ ಕಟ್.”

ತಿಂಗಳ ಎರಡನೇ ಭಾನುವಾರ ಗೋದಾಮಿನಲ್ಲಿ ಪುಟ್ಟ ಕಾರುಗಳ ರೇಸ್ ಆಡುವವರ ಕ್ಲಬ್ ಸೇರುವ ದಿನ. ಕಡೂರು, ತರೀಕೆರೆ, ಅಜ್ಜಂಪುರದಿಂದ ಜನ ಬಸ್ಸು ರೈಲು ಹಿಡಿದು ಬರುತ್ತಾರೆ. ಅವರ ಕೈಚೀಲದಲ್ಲಿ ಟವೆಲಿನಲ್ಲಿ ಸುತ್ತಿದ ಕಾರು ಇರುತ್ತದೆ. ಶಾಂಭವಿಯ ಮನೆ ಗೋದಾಮಿನ ಹಿಂದಿನ ಬೀದಿಯಲ್ಲೇ ಇದ್ದರೂ ಅವಳು ಬರಿಗೈಲಿ ಬರುತ್ತಿದ್ದಳು. ಕಾರಿಲ್ಲದವರಿಗೆ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಕೆಲಸ. ಅದು ಕರ್ವ್‌ನಲ್ಲಿ ಮಾರ್ಷಲ್ ಆಗಿ ನಿಂತು, ಬೇರೆಯವರ ಕಾರು ಬಿದ್ದಾಗ ಎತ್ತಿ ಇಡುವುದು. ಮಳೆಗಾಲದಿಂದಲೂ ಅವಳು ಅದನ್ನೇ ಮಾಡಿದ್ದಳು. ಕಾರು ಕೇಳಿದರೆ ಅಪ್ಪ, “ಮುಂದಿನ ವರ್ಷ ನೋಡಣ,” ಎನ್ನುತ್ತಿದ್ದರು. ಅಪ್ಪನ ಮುಂದಿನ ವರ್ಷ ಯಾವತ್ತೂ ಮುಂದೆಯೇ ಇರುತ್ತಿತ್ತು.

“ಸರಿ,” ಎಂದಳು.

“ಪ್ರಾಮಿಸ್?”

“ಪ್ರಾಮಿಸ್. ಕೊಡು ಈಗ.”

ಗೋದಾಮಿನಲ್ಲಿ ಕೊಬ್ಬರಿ ತುಂಬುವುದು ನಿಂತು ಬಹಳ ದಿನವಾಗಿತ್ತು. ಆದರೂ ಒಳಗೆ ಕಾಲಿಟ್ಟರೆ ಮೂಗಿಗೆ ಎಣ್ಣೆಯ ವಾಸನೆ ಬಡಿಯುತ್ತಿತ್ತು. ನಡುವೆ, ಕಬ್ಬಿಣದ ಕಾಲುಗಳ ಮೇಲೆ, ಒಂದು ಬಸ್ಸಿನಷ್ಟು ಉದ್ದದ ಹಲಗೆ. ಹಲಗೆಯ ಮೇಲೆ ಹಾವಿನಂತೆ ಸುತ್ತಿಕೊಂಡ ರಸ್ತೆ. ಆ ರಸ್ತೆಯಲ್ಲಿ ಬೆರಳು ತೂರದಷ್ಟು ಕಿರಿದಾದ ನಾಲ್ಕು ಕಾಲುವೆ ಕೊರೆದಿದ್ದರು. ಅವೇ ಸ್ಲಾಟು. ಕಾರಿನ ಹೊಟ್ಟೆಯ ಕೆಳಗಿನ ಗೂಟ ಸ್ಲಾಟಿನಲ್ಲಿ ಕೂರುತ್ತದೆ. ಸ್ಲಾಟಿನ ಎರಡೂ ಪಕ್ಕ ತಾಮ್ರದ ಪಟ್ಟಿ. ಅದರಲ್ಲಿ ಕರೆಂಟು.

ಒಂದೊಂದು ಸ್ಲಾಟಿಗೆ ಒಂದೊಂದು ಟ್ರಿಗರ್. ಒತ್ತಿದರೆ ಆ ಸ್ಲಾಟಿನಲ್ಲಿರುವ ಕಾರು ಓಡುತ್ತದೆ. ಬಿಟ್ಟರೆ ನಿಲ್ಲುತ್ತದೆ. ಕರ್ವ್‌ನಲ್ಲಿ ಜಾಸ್ತಿ ಒತ್ತಿದರೆ ಹಾರಿ ಬೀಳುತ್ತದೆ. ಆಟ ಇಷ್ಟೇ. ಆದರೆ ಇಷ್ಟಕ್ಕೇ ದೊಡ್ಡವರೂ ಊಟ ಮರೆಯುತ್ತಿದ್ದರು.

“ನಾಲ್ಕನೇ ಸ್ಲಾಟಿನ ಪಟ್ಟಿ ಕಿತ್ಕೊಂಡಿದೆ,” ಎಂದು ರಂಗಪ್ಪಜ್ಜ ಕೂಗಿದರು. “ಇವತ್ತು ಒಂದು ರೇಸಿಗೆ ಮೂರೇ ಜನ. ಕೆಂಪು, ಹಳದಿ, ಹಸಿರು.”

ರಂಗಪ್ಪಜ್ಜ ರಿಟೈರಾದ ರೈಲ್ವೆ ಗಾರ್ಡು, ಈಗ ಕ್ಲಬ್ಬಿನ ಹಿರಿಯರು. ಸೀಟಿ, ಕೆಂಪು ಬಾವುಟ, ಹಸಿರು ಬಾವುಟ ಮೂರನ್ನೂ ಇಲ್ಲಿಗೂ ತರುತ್ತಿದ್ದರು. ಹಸಿರು ಬಾವುಟ ಬೀಸದೆ ಯಾರ ಕಾರೂ ಕದಲುವ ಹಾಗಿಲ್ಲ. ದಿನದ ರೇಸುಗಳಲ್ಲೆಲ್ಲ ಹೆಚ್ಚು ಸುತ್ತು ಹೊಡೆದ ಜೂನಿಯರ್‌ಗೆ ಮುಂದಿನ ತಿಂಗಳು ಇಡೀ ದಿನ ಆ ಬಾವುಟ ಬೀಸುವ ಹಕ್ಕು. ಮಕ್ಕಳು ಅದಕ್ಕಾಗಿ ಕಚ್ಚಾಡುತ್ತಿದ್ದರು.

“ಅಜ್ಜ, ರೆಟ್ರೋ ಕ್ಲಬ್ ಅಂದ್ರೇನು?” ಎಂದು ಅಜ್ಜಂಪುರದ ಅನುಪಮಾ ಕೇಳಿದಳು. ಒಂಬತ್ತು ವರ್ಷದ ಹುಡುಗಿ, ಬಾಯಲ್ಲಿ ಚಕ್ಕುಲಿ, ಕೈಯಲ್ಲಿ ಬಿಳೀ ಅಂಬಾಸಿಡರ್.

“ಈಗ ಫ್ಯಾಕ್ಟರೀಲಿ ತಯಾರಾಗದ ಹಳೇ ಮಾಡೆಲ್ ಕಾರು ಮಾತ್ರ ಓಡಿಸ್ಬೇಕು ಅಂತ.”

“ಹಂಗಾದ್ರೆ ನೀವೂ ರೆಟ್ರೋನಾ?”

“ನಾನೂ ರೆಟ್ರೋನೇ. ಚಕ್ಕುಲಿ ಎಣ್ಣೆ ಕೈಲಿ ಟ್ರ್ಯಾಕ್ ಮುಟ್ಟಿದ್ರೆ ನೀನು ಔಟು.”

ಅನುಪಮಾ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ರಂಗಪ್ಪಜ್ಜ ಪ್ರತಿ ಸಲದ ಹಾಗೆ ನಿಯಮ ಒಪ್ಪಿಸಿದರು. “ಒಂದು ರೇಸು ಐದು ನಿಮಿಷ. ಈ ರೇಸ್ ಮುಗಿಸಿದೋರು ಮುಂದಿನ ರೇಸಿಗೆ ಮಾರ್ಷಲ್. ಕರ್ವ್‌ನಲ್ಲಿ ನಿಂತೋರಿಗೆ ನನ್ನ ಕಾರು ಪಕ್ಕದೋರ ಕಾರು ಅಂತ ಇಲ್ಲ, ಬಿದ್ದ ಕಾರು ಅಷ್ಟೇ. ತಪ್ಪು ಸ್ಲಾಟಿಗೆ ಇಟ್ರೆ ಮಾರ್ಷಲ್‌ಗೇ ಎರಡು ಸುತ್ತು ಕಟ್. ಗೊತ್ತಾಯ್ತಾ?”

“ಗೊತ್ತಾಯ್ತೂ,” ಎಂದು ಎಲ್ಲರೂ ರಾಗ ಎಳೆದರು.

ಮೊದಲ ರೇಸಿನಲ್ಲಿ ದುಶ್ಯಂತನ ಕೆಂಪು ಕಾಂಟೆಸ್ಸಾ ಓಡಿತು. ಅವನ ಅಪ್ಪ ಪ್ರಕಾಶ್ ಕಡೂರಿನಿಂದ ಬಂದಿದ್ದರು. ಅಲ್ಲಿ ಅವರದು ಮೊಬೈಲ್ ಅಂಗಡಿ. ಐದು ನಿಮಿಷವೂ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡಿದರು. “ಒತ್ತೋ, ಒತ್ತೋ!” ಎಂದು ಕೂಗಿದರು. ಅವರು ಒತ್ತು ಎಂದಲ್ಲೆಲ್ಲ ಒತ್ತಿದ್ದರೆ ಕಾರು ಕಿಟಕಿಯಾಚೆ ಇರುತ್ತಿತ್ತು. ದುಶ್ಯಂತ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ಲಾಟಿಗೊಂದು ಹಳೆಯ ಕ್ಯಾಲ್ಕುಲೇಟರ್ ಕಟ್ಟಿದ್ದರು. ಕಾರು ಗೆರೆ ದಾಟಿದಾಗಲೆಲ್ಲ ಅದರಲ್ಲಿ ಒಂದು ಅಂಕಿ ಏರುತ್ತಿತ್ತು. ಕೊನೆಯ ಸೀಟಿ ಊದಿದಾಗ ಕೆಂಪು ಸ್ಲಾಟಿನ ಕ್ಯಾಲ್ಕುಲೇಟರ್ 36 ತೋರಿಸಿತು. ಆ ರೇಸಿನಲ್ಲಿ ಅದೇ ಹೆಚ್ಚು.

“ಮೂವತ್ತಾರು,” ಎಂದು ದುಶ್ಯಂತ್ ಶಾಂಭವಿಯ ಕಿವಿಯಲ್ಲಿ ಹೇಳಿದ. “ನೆನಪಿಟ್ಕೋ.” ಹೇಳಿ ಕಂಬದ ಕರ್ವ್‌ಗೆ ಹೋಗಿ ಮಾರ್ಷಲ್ ಆಗಿ ನಿಂತ. ಗೋದಾಮಿನ ಕಲ್ಲುಕಂಬವನ್ನು ಬಳಸಿ ಹೋಗುವ ಕರ್ವ್ ಅದು. ಎಲ್ಲರ ಕಾರೂ ಹೆಚ್ಚಾಗಿ ಬೀಳುವುದು ಅಲ್ಲೇ.

ಎರಡನೇ ರೇಸು. ಕೆಂಪು ಸ್ಲಾಟಿನಲ್ಲಿ ಶಾಂಭವಿಯ ಹೆರಾಲ್ಡು. ಹಳದಿಯಲ್ಲಿ ಮಾಲಿನಿ ಆಂಟಿಯ ಫಿಯೆಟ್ಟು. ಹಸಿರಿನಲ್ಲಿ ಅನುಪಮಾಳ ಅಂಬಾಸಿಡರು. ಮಾಲಿನಿ ಆಂಟಿ ಬೀರೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವರು. ಬಾಯಿ ಜೋರು.

“ಅಬ್ಬ, ಶಾಂಭವಿ ಕೈಲಿ ಕೊನೆಗೂ ಟ್ರಿಗರ್ ಬಂತು! ಆಂಟೀನ ಸೋಲಿಸ್ಬಿಡಬೇಡ ಕಣಮ್ಮ, ಮರ್ಯಾದೆ ಪ್ರಶ್ನೆ,” ಎಂದರು.

ರಂಗಪ್ಪಜ್ಜ ಹಸಿರು ಬಾವುಟ ಬೀಸಿದರು.

ಕಾರು ಮುಂದಕ್ಕೆ ನೆಗೆದದ್ದಕ್ಕೆ ಶಾಂಭವಿಯೇ ಬೆಚ್ಚಿದಳು. ಬೆರಳಿಗೂ ಕಾರಿಗೂ ನಡುವೆ ಏನೂ ಇಲ್ಲದಂತಿತ್ತು. ಎರಡು ಸುತ್ತಿನಲ್ಲಿ ಬೆರಳು ಹದಕ್ಕೆ ಬಂತು. ನಾಲ್ಕನೇ ಸುತ್ತಿಗೆ ಅವಳಿಗೆ ನಗು ಬಂತು.

ಕಂಬದ ಕರ್ವ್ ಅವಳಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. ಎಲ್ಲರೂ ಕಂಬ ಬಂದಮೇಲೆ ಬೆರಳು ಸಡಿಲಿಸುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಒಂದು ಗೇಣು ಮೊದಲೇ ಸಡಿಲಿಸಿ, ಅರ್ಧ ಕರ್ವ್‌ನಲ್ಲೇ ಮತ್ತೆ ಒತ್ತಬೇಕು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬೇರೆಯವರ ಕಾರು ಎತ್ತಿ ಎತ್ತಿ ಗೊತ್ತಾದದ್ದು.

ಅರ್ಧ ರೇಸು ಮುಗಿದಾಗ ಕ್ಯಾಲ್ಕುಲೇಟರ್ ನೋಡಿದಳು. ಅವಳದು 19, ಅನುಪಮಾಳದು 18, ಮಾಲಿನಿ ಆಂಟಿಯದು 16.

ಅರ್ಧಕ್ಕೆ ಹತ್ತೊಂಬತ್ತಾದರೆ ಪೂರ್ತಿಗೆ ಮೂವತ್ತೆಂಟು. ಗಣಿತ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಇವತ್ತು ಬಾರದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ದುಶ್ಯಂತನೂ ಕ್ಯಾಲ್ಕುಲೇಟರನ್ನೇ ನೋಡುತ್ತಿದ್ದ. ಆಮೇಲೆ ಅವಳನ್ನು ನೋಡಿ ಹುಬ್ಬು ಹಾರಿಸಿದ.

ಶಾಂಭವಿ ಬೆರಳು ಸಡಿಲಿಸಿದಳು. ನೇರ ದಾರಿಯಲ್ಲಿ, ಚಿಕ್ಕ ಮಕ್ಕಳೂ ಪೂರ್ತಿ ಒತ್ತುವ ಜಾಗದಲ್ಲಿ, ಹೆರಾಲ್ಡು ಎತ್ತಿನಗಾಡಿಯ ಹಾಗೆ ಹೊರಟಿತು.

“ಏನೇ ಇದು, ಪ್ಯಾಸೆಂಜರ್ ಗಾಡಿನಾ?” ಎಂದರು ಮಾಲಿನಿ ಆಂಟಿ. “ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುತ್ತಾ? ಟಿಕೆಟ್ ಕೊಡ್ಲಾ?”

ಸುತ್ತ ನಿಂತವರು ನಕ್ಕರು. ಪ್ರಕಾಶ್ ಕೂಡ ಫೋನ್ ಹಿಡಿದೇ ನಕ್ಕರು. ನಿಧಾನವಾಗಿ ಓಡಿಸಿದರೆ ಎಲ್ಲರಿಗೂ ಕಾಣುತ್ತದೆ. ಆದರೆ ಬಿದ್ದರೆ? ಬೀಳುವುದು ಎಲ್ಲರೂ ಬೀಳುತ್ತಾರೆ. ಅದಕ್ಕೆ ಯಾರೂ ನಗುವುದಿಲ್ಲ. ಅಲ್ಲದೆ ಕಂಬದ ಹತ್ತಿರ ನಿಂತಿರುವವನು ದುಶ್ಯಂತ್. ಎತ್ತಿ ಇಡಲು ಬೇಕಾದಷ್ಟು ಹೊತ್ತು ಮಾಡುತ್ತಾನೆ.

ಕಂಬದ ಕರ್ವ್‌ನಲ್ಲಿ ಅವಳು ಬೆರಳು ಬಿಡಲೇ ಇಲ್ಲ. ಹೆರಾಲ್ಡು ಹಾರಿ ಪಕ್ಕಕ್ಕೆ ಬಿತ್ತು.

ಟಕ್!

ಬಿದ್ದ ಕಾರು ಉರುಳಿ ನಿಲ್ಲುವುದರೊಳಗೆ ದುಶ್ಯಂತ್ ಅದನ್ನು ಎತ್ತಿ ಸ್ಲಾಟಿನಲ್ಲಿ ಇಟ್ಟಾಗಿತ್ತು. ಇಟ್ಟಮೇಲೆ ಅವನೇ ತನ್ನ ಕೈ ನೋಡಿಕೊಂಡ. ತಿಂಗಳುಗಟ್ಟಲೆಯ ಅಭ್ಯಾಸ. ಕೈ ಅವನನ್ನು ಕೇಳಿರಲಿಲ್ಲ.

ಶಾಂಭವಿ ಇನ್ನೊಂದಷ್ಟು ಸುತ್ತು ಹೊಡೆದು ಮತ್ತೆ ಬೀಳಿಸಿದಳು. ಟಕ್! ಮತ್ತೆ ಸ್ಲಾಟಿನಲ್ಲಿ.

“ಶಭಾಷ್ ಮಾರ್ಷಲ್!” ಎಂದರು ರಂಗಪ್ಪಜ್ಜ.

ಎರಡನೇ ಸಲ ಕಾರು ಕಂಬಕ್ಕೆ ಉಜ್ಜಿಕೊಂಡು ಬಿದ್ದಿತ್ತು. ಬಾಗಿಲ ಮೇಲೆ ಉದ್ದಕ್ಕೆ ಒಂದು ಬಿಳಿ ಗೆರೆ ಎದ್ದಿತ್ತು. ದುಶ್ಯಂತನಿಗೆ ಈಗ ಅರ್ಥವಾಯಿತು. ಅವನು ಹಲ್ಲು ಕಚ್ಚಿದ.

ಮೂರನೇ ಸಲ ಬೀಳಿಸಿದಾಗ ಅವನು ಕಾರು ಎತ್ತುತ್ತಲೇ ಅವಳ ಕಡೆ ತಿರುಗಿ ಕೂಗಿದ: “ಲೇ! ಸರಿಯಾಗಿ ಓಡ್ಸೇ!” ಕಣ್ಣು ಅವಳ ಮೇಲೆ, ಕೈ ಟ್ರ್ಯಾಕಿನ ಮೇಲೆ. ಹೆರಾಲ್ಡು ಹೋಗಿ ಹಳದಿ ಸ್ಲಾಟಿನಲ್ಲಿ ಕೂತಿತು.

ಶಾಂಭವಿ ಟ್ರಿಗರ್ ಒತ್ತಿದಳು. ಏನೂ ಆಗಲಿಲ್ಲ. ಬಿಟ್ಟಳು. ಆಗ ಕಾರು ಓಡಿತು.

ಮತ್ತೆ ಒತ್ತಿದಳು. ಕಾರು ನಿಧಾನವಾಯಿತು. ಅವಳ ಬೆರಳಿಗೂ ಕಾರಿಗೂ ಸಂಬಂಧವೇ ಇರಲಿಲ್ಲ. ಹಳದಿ ಸ್ಲಾಟಿನ ಟ್ರಿಗರ್ ಮಾಲಿನಿ ಆಂಟಿಯ ಕೈಯಲ್ಲಿತ್ತು. ಅವರು ಒತ್ತಿದರೆ ಹೆರಾಲ್ಡು ಓಡುತ್ತಿತ್ತು, ಅವರು ಬಿಟ್ಟರೆ ನಿಲ್ಲುತ್ತಿತ್ತು. ಅವಳು ಸುಮ್ಮನೆ ಖಾಲಿ ಟ್ರಿಗರ್ ಹಿಡಿದು ನಿಂತಿದ್ದಳು. ಮುಂದೆ ಓಡುತ್ತಿದ್ದದ್ದು ಅವಳ ಕಾರೇ. ಓಡಿಸುತ್ತಿದ್ದದ್ದು ಅವಳಲ್ಲ.

“ಅಯ್ಯಯ್ಯೋ, ನನ್ ಸ್ಲಾಟಲ್ಲಿ ಯಾವ್ದೇ ಇದು!” ಎಂದರು ಮಾಲಿನಿ ಆಂಟಿ. ಗಾಬರಿಯಲ್ಲಿ ಬಿಡುವ ಬದಲು ಪೂರ್ತಿ ಒತ್ತಿಬಿಟ್ಟರು. ಹಿಂದಿನಿಂದ ಫಿಯೆಟ್ಟು ಬಂದು ಢಿಕ್ಕಿ ಹೊಡೆಯಿತು. ಹೆರಾಲ್ಡು ಹಲಗೆಯಿಂದಾಚೆ ಹಾರಿ ಸಿಮೆಂಟಿನ ನೆಲಕ್ಕೆ ಬಿತ್ತು. ಏನೋ ಸಣ್ಣದೊಂದು ಮುರಿದು ಕಿಣಿಕಿಣಿ ಎಂದು ಉರುಳಿಹೋಯಿತು.

ಸೀಟಿ. ಕೆಂಪು ಬಾವುಟ. ಕರೆಂಟು ಬಂದ್.

“ಇನ್ನೂ ಒಂದು ನಿಮಿಷ ಇದೆ. ಯಾರೂ ಟ್ರಿಗರ್ ಮುಟ್ಬೇಡಿ,” ಎಂದರು ರಂಗಪ್ಪಜ್ಜ. “ಕಂಬದ ಮಾರ್ಷಲ್‌ಗೆ ಎರಡು ಸುತ್ತು ಕಟ್. ದುಶ್ಯಂತ್, ಮೂವತ್ನಾಲ್ಕು.”

“ಏನ್ ಸಾರ್, ಓಡಿಸ್ದೇ ಇದ್ರೂ ಕಟ್ಟಾ?” ಎಂದರು ಪ್ರಕಾಶ್.

“ರೂಲ್ಸು ಕಣ್ರೀ. ವಿಡಿಯೋದಲ್ಲಿ ಬಂದಿರುತ್ತೆ, ನೋಡ್ಕೊಳಿ.”

ಶಾಂಭವಿ ಟ್ರ್ಯಾಕಿನ ಕೆಳಗೆ ನುಗ್ಗಿದಳು. ಕಾರು ಸಿಕ್ಕಿತು. ಹಿಂದಿನ ಬಂಪರು ಇರಲಿಲ್ಲ. ಆ ಕಡೆಯಿಂದ ದುಶ್ಯಂತ್ ಮಂಡಿಯೂರಿಕೊಂಡು ಬಂದ. ಕೆಳಗೆ ಕತ್ತಲು, ಧೂಳು, ತೆಂಗಿನ ನಾರು. ಇಬ್ಬರೂ ಕೈಯಾಡಿಸಿ ಹುಡುಕತೊಡಗಿದರು.

“ಬೇಕು ಅಂತ ಬೀಳಿಸ್ದೆ ಅಲ್ವಾ?” ಎಂದು ಅವನು ಪಿಸುಗುಟ್ಟಿದ.

“ಹೂಂ. ನೀನೇ ತಾನೇ ಹೇಳಿದ್ದು?”

“ಜಾಸ್ತಿ ಸುತ್ತು ಹೊಡೀಬೇಡ ಅಂದೆ. ನನ್ ಕಾರು ಮುರಿ ಅಂದ್ನಾ?”

“ನಿಧಾನ ಓಡ್ಸಿದ್ರೆ ಎಲ್ಲಾ ನಗ್ತಾರೆ. ನೀನಾದ್ರೂ ಎತ್ತಿಡಕ್ಕೆ ಲೇಟ್ ಮಾಡ್ಬೇಕಿತ್ತು. ಮಷಿನ್ ತರ ಟಕ್ ಟಕ್ ಅಂತ ಇಡ್ತೀಯಲ್ಲ!”

“ಕೈ ಹೋಗ್ಬಿಡುತ್ತೆ ಕಣೇ. ನಾನೇನ್ ಮಾಡ್ಲಿ?”

ಇಬ್ಬರಿಗೂ ಒಂದೇ ಸಲ ನಗು ಬಂತು. ತಡೆದುಕೊಂಡರು.

ಶಾಂಭವಿ ಕಾರನ್ನು ಅವನ ಕೈಯಲ್ಲಿ ಇಟ್ಟಳು.

“ತಗೋ. ಕಂಡೀಷನ್ ಹಾಕಿರೋ ಕಾರು ಬೇಡ ನಂಗೆ. ನಾನು ಮಾರ್ಷಲ್ಲೇ ಆಯ್ತೀನಿ.”

“ಅರ್ಧದಲ್ಲೇ?”

“ಅರ್ಧದಲ್ಲೇ. ಇಲ್ಲ ಅಂದ್ರೆ ಕಂಡೀಷನ್ ವಾಪಸ್ ತಗೋ. ಎರಡರಲ್ಲಿ ಒಂದು.”

ಅವನು ಕಾರು ಇಟ್ಟುಕೊಂಡರೆ ಅಲ್ಲಿಗೆ ಮುಗಿಯಿತು. ಮತ್ತೆ ಮುಂದಿನ ವರ್ಷದವರೆಗೆ ಕಂಬದ ಪಕ್ಕ. ಅದು ಗೊತ್ತಿದ್ದೇ ಹೇಳಿದ್ದಳು.

ದುಶ್ಯಂತ್ ತಲೆ ತಿರುಗಿಸಿ ನೋಡಿದ. ಹಲಗೆಯ ಆಚೆ ಅವನ ಅಪ್ಪನ ಬೂಟು ಕಾಣುತ್ತಿತ್ತು. ಒಂದು ಬೂಟು ನೆಲವನ್ನು ತಟ್ಟುತ್ತಿತ್ತು.

“ಎಷ್ಟಾಗಿದೆ ನಿಂದು?” ಎಂದ.

“ಇಪ್ಪತ್ತೊಂಬತ್ತು. ಅನುಪಮಾದು ಮೂವತ್ತು.”

ಅವನು ತುಟಿ ಅಲ್ಲಾಡಿಸಿ ಲೆಕ್ಕ ಹಾಕಿದ. “ಒಂದು ನಿಮಿಷಕ್ಕೆ ಎಂಟು. ಅನುಪಮಾ ಮೂವತ್ತೆಂಟು ಹೊಡೀತಾಳೆ. ಹೆಂಗಿದ್ರೂ ನಾನ್ ಔಟು.”

“ಕಟ್ ಆಗ್ದೇ ಇದ್ರೂ ಔಟೇ.”

“ನೀನೇನ್ ಹೇಳ್ಬೇಡ. ನಂಗೊತ್ತು.” ಅವನು ಕಾರಿನ ಚಕ್ರಕ್ಕೆ ಸಿಕ್ಕಿದ್ದ ನಾರು ಕಿತ್ತು, ಚಡ್ಡಿಗೆ ಒರೆಸಿ, ಅವಳ ಕಡೆ ಚಾಚಿದ. “ಓಡ್ಸು. ಕಂಡೀಷನ್ ಇಲ್ಲ. ಆದ್ರೆ ಇನ್ನೊಂದ್ಸಲ ಬಿದ್ರೆ ಸಾಯಿಸ್ಬಿಡ್ತೀನಿ.”

“ಬೀಳಲ್ಲ.”

“ಕೆಳಗೆ ಏನ್ರೋ, ಊಟಕ್ಕೆ ಕೂತ್ರಾ?” ಎಂದು ಮಾಲಿನಿ ಆಂಟಿ ಬಗ್ಗಿ ನೋಡಿದರು.

ರಂಗಪ್ಪಜ್ಜ ಮತ್ತೆ ಹಸಿರು ಬಾವುಟ ಬೀಸಿದರು.

ಆ ಒಂದು ನಿಮಿಷದಲ್ಲಿ ಶಾಂಭವಿಗೆ ಬೇರೇನೂ ಕೇಳಿಸಲಿಲ್ಲ. ಬಂಪರಿಲ್ಲದ ಹೆರಾಲ್ಡು ಮೋಟರು ಕಿರುಚಿಕೊಂಡು ಓಡಿತು. ಕಂಬದ ಕರ್ವ್‌ಗೆ ಒಂದು ಗೇಣು ಮೊದಲು ಸಡಿಲಿಸಿ, ಅರ್ಧದಲ್ಲಿ ಒತ್ತಿ, ಮತ್ತೆ ನೇರ ದಾರಿ. ಹಳದಿಯ ಆಚೆ, ಹಸಿರು ಸ್ಲಾಟಿನಲ್ಲಿ, ಬಿಳೀ ಅಂಬಾಸಿಡರ್ ಅವಳ ಮುಂದೆಯೇ ಇತ್ತು. ಪ್ರತಿ ಸುತ್ತಿಗೂ ಒಂದಿಷ್ಟು ಹತ್ತಿರವಾಗುತ್ತಿತ್ತು. ಅನುಪಮಾ ಚಕ್ಕುಲಿ ಅಗಿಯುವುದನ್ನೇ ನಿಲ್ಲಿಸಿದ್ದಳು.

“ಹೋಗೇ, ಹೋಗೇ!” ಎಂದು ಕಂಬದ ಹತ್ತಿರದಿಂದ ಯಾರೋ ಕೂಗುತ್ತಿದ್ದರು. ದುಶ್ಯಂತನ ಗಂಟಲು.

“ಮಾರ್ಷಲ್ ಕೂಗ್ಬಾರ್ದು!” ಎಂದರು ರಂಗಪ್ಪಜ್ಜ.

ಅಂಬಾಸಿಡರಿನ ಬಾಲಕ್ಕೂ ಹೆರಾಲ್ಡಿನ ಮೂತಿಗೂ ನಡುವೆ ಒಂದು ಮೊಳ ಉಳಿದಿತ್ತು. ಅಂಬಾಸಿಡರು ಗೆರೆ ದಾಟಿತು. ಸೀಟಿ ಮೊಳಗಿತು. ಹೆರಾಲ್ಡಿನ ಮುಂದೆ ಗೆರೆ ಇನ್ನೂ ಇತ್ತು.

ಅನುಪಮಾ ಮೂವತ್ತೆಂಟು. ಶಾಂಭವಿ ಮೂವತ್ತೇಳು.

ಅನುಪಮಾ ಕುಣಿದಾಡಿದಳು. ರಂಗಪ್ಪಜ್ಜನ ಕೈಯಿಂದ ಹಸಿರು ಬಾವುಟವನ್ನು ಆಗಲೇ ಕಿತ್ತುಕೊಂಡು ಓಡಿದಳು. “ಮುಂದಿನ ತಿಂಗಳು ಕಣೇ, ಈಗಲ್ಲ!” ಎಂದು ಅವರು ಹಿಂದೆ ಕೂಗುತ್ತಿದ್ದರು.

ದುಶ್ಯಂತ್ ಅಪ್ಪನ ಹತ್ತಿರ ತಲೆ ತಗ್ಗಿಸಿಕೊಂಡು ಹೋದ. ಪ್ರಕಾಶ್ ಫೋನನ್ನು ಜೇಬಿಗೆ ಹಾಕಿದರು.

“ಅದ್ಯಾಕೋ ಎಲ್ಲಾರೂ ಅಲ್ಲೇ ಬೀಳ್ತೀರ? ಆ ಕಂಬದ ಹತ್ರ?”

“ನೀವೇ ಓಡ್ಸಿ ನೋಡಿ,” ಎಂದ ದುಶ್ಯಂತ್.

ಪ್ರಕಾಶ್ ಅಂಗಿಯ ತೋಳು ಮಡಿಸಿ, ಕಾಂಟೆಸ್ಸಾವನ್ನು ಸ್ಲಾಟಿನಲ್ಲಿಟ್ಟು ಟ್ರಿಗರ್ ಹಿಡಿದರು. ಪೂರ್ತಿ ಒತ್ತಿದರು. ಕಾಂಟೆಸ್ಸಾ ಕಂಬದವರೆಗೂ ಹೋಗಲಿಲ್ಲ. ಅದಕ್ಕಿಂತ ಮೊದಲಿನ ಸಣ್ಣ ಕರ್ವ್‌ನಲ್ಲೇ ಹಾರಿ ಮಾಲಿನಿ ಆಂಟಿಯ ಟಿಫಿನ್ ಚೀಲದೊಳಗೆ ಬಿತ್ತು. ಗೋದಾಮೆಲ್ಲ ನಕ್ಕಿತು.

“ಇನ್ನೊಂದ್ಸಲ, ಇನ್ನೊಂದ್ಸಲ,” ಎಂದರು ಪ್ರಕಾಶ್. ಟ್ಯೂಷನ್ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ದುಶ್ಯಂತನೂ ನೆನಪಿಸಲು ಹೋಗಲಿಲ್ಲ.

ಶಾಂಭವಿ ಹೆರಾಲ್ಡನ್ನು ಅವನಿಗೆ ಕೊಟ್ಟಳು. ಅವನು ಬಾಗಿಲ ಮೇಲಿನ ಬಿಳಿ ಗೆರೆಯನ್ನು ಉಗುರಿನಿಂದ ಉಜ್ಜಿ ನೋಡಿ, ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಮುಂದಿನ ತಿಂಗಳು ಕೊಡ್ತೀಯಾ ಎಂದು ಅವಳು ಕೇಳಲಿಲ್ಲ. ಕೊಡ್ತೀನಿ ಎಂದು ಅವನೂ ಹೇಳಲಿಲ್ಲ.

ಮೂರನೇ ರೇಸು ಬರೀ ದೊಡ್ಡವರದು, ಅದಕ್ಕೆ ಶಾಂಭವಿ ಮಾರ್ಷಲ್. ಕಂಬದ ಹತ್ತಿರ ಹೋಗಿ ನಿಂತಳು. ಪಕ್ಕದ ಕರ್ವ್‌ಗೆ ಅನುಪಮಾ ಬಂದಳು. ಬಾವುಟ ಬಿಟ್ಟುಕೊಟ್ಟಿದ್ದಳು, ಹೊಸ ಚಕ್ಕುಲಿ ಹಿಡಿದಿದ್ದಳು. ಅರ್ಧ ಮುರಿದು ಶಾಂಭವಿಗೆ ಕೊಟ್ಟಳು.

“ಅಕ್ಕ, ಸೀಟಿ ಊದೋ ಹೊತ್ಗೆ ನೀನು ನನ್ನ ಹಿಂದೇನೇ ಇದ್ದೆ ಗೊತ್ತಾ? ನಂಗೆ ಹೆದ್ರಿಕೇನೇ ಆಗೋಯ್ತು. ಅಷ್ಟೊಂದ್ಸಲ ಬಿದ್ದಿಲ್ದೆ ಇದ್ದಿದ್ರೆ ನೀನೇ ಫಸ್ಟು.”

“ಬಿದ್ದಿದ್ದಲ್ಲ ಕಣೇ. ಬೀಳಿಸಿದ್ದು.”

“ಯಾರು?”

“ನಾನೇ.”

ಅನುಪಮಾ ಅಗಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. ಅರ್ಥವಾಗಲಿಲ್ಲ. ಶಾಂಭವಿ ವಿವರಿಸಲೂ ಇಲ್ಲ. ರಂಗಪ್ಪಜ್ಜ ಬಾವುಟ ಬೀಸಿದರು, ಕಾರುಗಳು ಹೊರಟವು. ಅವಳು ಕಂಬಕ್ಕೆ ಬೆನ್ನು ಕೊಟ್ಟು, ಚಕ್ಕುಲಿಯ ಎಣ್ಣೆಯನ್ನು ಲಂಗಕ್ಕೆ ಒರೆಸಿಕೊಂಡು, ಎರಡೂ ಕೈ ಮುಂದೆ ಚಾಚಿ ಸಿದ್ಧವಾಗಿ ನಿಂತಳು.

ಬಂಪರು ಸಿಗಲಿಲ್ಲ. ಆ ದಿನ ಒಟ್ಟು ಹೋದದ್ದು ಹೆರಾಲ್ಡಿನ ಒಂದು ಬಂಪರು, ದುಶ್ಯಂತನ ಎರಡು ಸುತ್ತು, ಶಾಂಭವಿಯ ಒಂದು ಸುತ್ತು.